ಕ್ಯಾಮ್‌ಶಾಫ್ಟ್‌ನ ಡ್ಯೂರೇಶನ್ ಮತ್ತು ಲಿಫ್ಟ್: ಚೀಟಿಯ ಮೇಲಿನ ಅಂಕಿಗಳನ್ನು ಓದುವುದು ಹೇಗೆ?

ಪ್ರಶ್ನೆ: ನನ್ನ ಬಳಿ 1600 ಸಿಸಿಯ, ನಾಲ್ಕು ಸಿಲಿಂಡರಿನ, ಸಿಂಗಲ್ ಓವರ್‌ಹೆಡ್ ಕ್ಯಾಮ್ ಇರುವ ಪೆಟ್ರೋಲ್ ಕಾರಿದೆ. ಸಿಲಿಂಡರಿಗೆ ಎರಡು ವಾಲ್ವ್, ಫ್ಯೂಯಲ್ ಇಂಜೆಕ್ಷನ್. ದಿನವೂ ಟ್ರಾಫಿಕ್‌ನಲ್ಲಿ ಓಡಾಡುತ್ತೇನೆ, ಆಗಾಗ ಹೆದ್ದಾರಿಯಲ್ಲಿ ದೂರ ಪ್ರಯಾಣವೂ ಇರುತ್ತದೆ. ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಸವೆದಿರುವುದರಿಂದ ಹೇಗೂ ಬದಲಿಸಬೇಕು, ಆದ್ದರಿಂದ ಸ್ವಲ್ಪ ಹೆಚ್ಚು ಶಕ್ತಿ ಕೊಡುವ ಕ್ಯಾಮ್ ಹಾಕಿಸೋಣವೆಂದು ಎರಡನ್ನು ನೋಡಿಟ್ಟಿದ್ದೇನೆ. ಮೊದಲನೆಯದರ ಚೀಟಿಯಲ್ಲಿ ಡ್ಯೂರೇಶನ್ 272 ಡಿಗ್ರಿ, ಲಿಫ್ಟ್ 6.8 ಮಿ.ಮೀ., ಲೋಬ್ ಸೆಪರೇಶನ್ 106 ಎಂದಿದೆ. ಎರಡನೆಯದರಲ್ಲಿ ಡ್ಯೂರೇಶನ್ 256, ವಾಲ್ವ್ ಲಿಫ್ಟ್ 10.8, ಲೋಬ್ ಸೆಪರೇಶನ್ 112 ಎಂದಿದೆ. ಕಂಪನಿಯ ಕ್ಯಾಮ್‌ನ ಲಿಫ್ಟ್ 8.7, 1 ಮಿ.ಮೀ.ನಲ್ಲಿ ಅಳೆದ ಡ್ಯೂರೇಶನ್ 208 ಎಂದು ಕೈಪಿಡಿಯಲ್ಲಿದೆ. ಹಾಗಾದರೆ ಮೊದಲನೆಯ ಕ್ಯಾಮ್ ಕಂಪನಿಯದಕ್ಕಿಂತಲೂ ಕಡಿಮೆ ಎತ್ತುತ್ತದೆಯೇ? ಡ್ಯೂರೇಶನ್ ಹೆಚ್ಚಿರುವುದೇ ಶಕ್ತಿಶಾಲಿ ಎಂದು ಸ್ನೇಹಿತರು ಹೇಳುತ್ತಾರೆ. ಲಿಫ್ಟ್ ಹೆಚ್ಚಾದರೆ ಐಡ್ಲಿಂಗ್ ಕೆಡುತ್ತದೆ, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ ಎಂದು ಮೆಕ್ಯಾನಿಕ್ ಎಚ್ಚರಿಸುತ್ತಾರೆ. ಯಾವುದನ್ನು ನಂಬಲಿ?

ಉತ್ತರ: ಎರಡು ಚೀಟಿಗಳಲ್ಲಿಯೂ ಇರುವ ಅಂಕಿಗಳು ಸುಳ್ಳಲ್ಲ, ಆದರೆ ಅವನ್ನು ಬೇರೆ ಬೇರೆ ಜಾಗದಲ್ಲಿ, ಬೇರೆ ಬೇರೆ ರೀತಿಯಲ್ಲಿ ಅಳೆಯಲಾಗಿದೆ. ಹಾಗೆ ಅಳೆದ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾವುದು ದೊಡ್ಡದೆಂದು ನೋಡಿದರೆ ತಪ್ಪು ತೀರ್ಮಾನಕ್ಕೆ ಬರುವುದು ಖಚಿತ. ಎಂಜಿನ್ ಕೆಲಸದಲ್ಲಿ ನಾನು ಕಂಡಿರುವ ಕ್ಯಾಮ್ ಆಯ್ಕೆಯ ತಕರಾರುಗಳಲ್ಲಿ ಹೆಚ್ಚಿನವು ಶುರುವಾಗುವುದು ಇಲ್ಲಿಂದಲೇ.

ಮೊದಲು ಲಿಫ್ಟ್‌ನ ಒಗಟನ್ನು ಬಿಡಿಸೋಣ. ಮೊದಲ ಚೀಟಿಯಲ್ಲಿರುವ 6.8 ಮಿ.ಮೀ. ಎಂಬುದು ಲೋಬ್‌ನ, ಅಂದರೆ ಕ್ಯಾಮ್‌ನ ಮೇಲಿನ ಮೊಟ್ಟೆಯಾಕಾರದ ಉಬ್ಬಿನ, ಎತ್ತುವಿಕೆಯೇ ಹೊರತು ವಾಲ್ವ್‌ನದಲ್ಲ. ನಿಮ್ಮ ಎಂಜಿನ್‌ನಲ್ಲಿ ಲೋಬ್ ಮತ್ತು ವಾಲ್ವ್ ನಡುವೆ ಸನ್ನೆಯಂತೆ ಕೆಲಸ ಮಾಡುವ ರಾಕರ್ ಇದೆ, ಅದರ ಅನುಪಾತದಷ್ಟು ಲಿಫ್ಟ್ ಹಿಗ್ಗುತ್ತದೆ. ನೀವು ಇದನ್ನು ಸ್ವತಃ ಪರೀಕ್ಷಿಸಬಹುದು. ಹಳೆಯ ಕ್ಯಾಮ್‌ನಲ್ಲಿ ಸವೆಯದ ಒಂದು ಲೋಬ್ ಹುಡುಕಿ ಮೈಕ್ರೋಮೀಟರ್‌ನಲ್ಲಿ ಅದರ ಪೂರ್ಣ ಎತ್ತರವನ್ನು ಅಳೆಯಿರಿ, ಆಮೇಲೆ ಅದಕ್ಕೆ ಅಡ್ಡಲಾಗಿ ಬೇಸ್ ಸರ್ಕಲ್‌ನ, ಅಂದರೆ ಲೋಬ್‌ನ ಉಬ್ಬಿಲ್ಲದ ದುಂಡು ಭಾಗದ, ವ್ಯಾಸವನ್ನು ಅಳೆದು ಕಳೆಯಿರಿ. ಎತ್ತರ 39.4, ವ್ಯಾಸ 33.6 ಬಂದರೆ ಲೋಬ್ ಲಿಫ್ಟ್ 5.8 ಎಂದಾಯಿತು. ಕೈಪಿಡಿಯ 8.7ನ್ನು ಈ 5.8ರಿಂದ ಭಾಗಿಸಿದರೆ 1.5 ಬರುತ್ತದೆ, ಅದೇ ರಾಕರ್ ಅನುಪಾತ. ಅನುಪಾತ 1.5 ಇದ್ದರೆ ಮೊದಲ ಕ್ಯಾಮ್‌ನ 6.8 ವಾಲ್ವ್‌ನ ಬಳಿ 10.2 ಮಿ.ಮೀ. ಆಗುತ್ತದೆ. ಅದು ಕಂಪನಿಯದಕ್ಕಿಂತ 1.5 ಮಿ.ಮೀ. ಹೆಚ್ಚು, ಕಡಿಮೆಯಲ್ಲ. ವಾಲ್ವ್‌ಗೆ 0.2 ಮಿ.ಮೀ. ಕ್ಲಿಯರೆನ್ಸ್, ಅಂದರೆ ಸಂದು, ಬಿಡುವ ಎಂಜಿನ್ ಆದರೆ ಅಷ್ಟನ್ನು ಕಳೆದು 10.0 ಎಂದು ಹಿಡಿಯಬೇಕು. ಎರಡನೆಯ ಚೀಟಿಯ 10.8ರಲ್ಲಿ ಈ ಕ್ಲಿಯರೆನ್ಸ್ ಕಳೆದಿದ್ದಾರೆಯೇ ಎಂದು ಮಾರುವವರನ್ನು ಕೇಳಿ.

ಡ್ಯೂರೇಶನ್ ಎಂದರೆ ವಾಲ್ವ್ ತೆರೆದಿರುವ ಅವಧಿ, ಆದರೆ ಅದನ್ನು ಸೆಕೆಂಡುಗಳಲ್ಲಿ ಅಳೆಯದೆ ಕ್ರ್ಯಾಂಕ್‌ಶಾಫ್ಟ್ ತಿರುಗಿದ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಕ್ರ್ಯಾಂಕ್ ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕಷ್ಟವಿರುವುದು ವಾಲ್ವ್ ‘ತೆರೆಯಿತು’ ಎಂದು ಹೇಳುವುದು ಯಾವಾಗ ಎಂಬುದರಲ್ಲಿ. ಲೋಬ್‌ನ ಪಕ್ಕದಲ್ಲಿ ವಾಲ್ವನ್ನು ಮೆಲ್ಲಗೆ ಎತ್ತಿ ಮೆಲ್ಲಗೆ ಕೂರಿಸುವ ಇಳಿಜಾರು ಇರುತ್ತದೆ, ಅಲ್ಲಿ ಎಷ್ಟೋ ಡಿಗ್ರಿಗಳವರೆಗೆ ವಾಲ್ವ್ ಕೂದಲೆಳೆಯಷ್ಟು ಮಾತ್ರ ಮೇಲೆದ್ದಿರುತ್ತದೆ, ಗಾಳಿ ಹರಿಯುವುದು ನಾಮಮಾತ್ರಕ್ಕೆ. ಒಬ್ಬ ತಯಾರಕ 0.15 ಮಿ.ಮೀ. ಎತ್ತಿದಾಗಿನಿಂದ ಎಣಿಸುತ್ತಾನೆ, ಇನ್ನೊಬ್ಬ 0.5 ಮಿ.ಮೀ.ನಿಂದ ಎಣಿಸುತ್ತಾನೆ. ಒಂದೇ ಕ್ಯಾಮ್‌ಗೆ ಈ ಎರಡು ಲೆಕ್ಕದಲ್ಲಿ ಹತ್ತಿಪ್ಪತ್ತು ಡಿಗ್ರಿ ವ್ಯತ್ಯಾಸ ಬರುವುದು ಸಾಮಾನ್ಯ. ಈ ಗೊಂದಲ ತಪ್ಪಿಸಲೆಂದೇ ಅಮೆರಿಕದ ತಯಾರಕರು 0.050 ಇಂಚಿನ, ಅಂದರೆ 1.27 ಮಿ.ಮೀ., ಎತ್ತುವಿಕೆಯಲ್ಲಿ ಅಳೆದ ಇನ್ನೊಂದು ಅಂಕಿಯನ್ನೂ ಕೊಡುತ್ತಾರೆ. ಯುರೋಪ್ ಮತ್ತು ಜಪಾನ್‌ನ ತಯಾರಕರಲ್ಲಿ ಅನೇಕರು 1 ಮಿ.ಮೀ.ನಲ್ಲಿ ಅಳೆದದ್ದನ್ನು ಕೊಡುತ್ತಾರೆ. ಹೋಲಿಕೆಗೆ ಬರುವುದು ಈ ಅಂಕಿ ಮಾತ್ರ. ದೊಡ್ಡ ಅಕ್ಷರದಲ್ಲಿ ಮುದ್ರಿಸಿದ 272, 256 ಜಾಹೀರಾತಿನ ಅಂಕಿಗಳು.

ನೀವು ಚೀಟಿಗಳ ಚಿತ್ರವನ್ನೂ ಕಳುಹಿಸಿದ್ದು ಒಳ್ಳೆಯದಾಯಿತು. ಕೆಳಗಿನ ಸಣ್ಣ ಅಕ್ಷರಗಳಲ್ಲಿ ಮೊದಲನೆಯದರ ಡ್ಯೂರೇಶನ್ 1 ಮಿ.ಮೀ.ನಲ್ಲಿ 228 ಎಂದೂ, ಎರಡನೆಯದರದು 230 ಎಂದೂ ಇದೆ. ಮೊದಲನೆಯದರ 272 ಎಣಿಕೆಯಾಗಿರುವುದು 0.15 ಮಿ.ಮೀ.ನಿಂದ, ಎರಡನೆಯದರ 256 ಎಣಿಕೆಯಾಗಿರುವುದು 0.5 ಮಿ.ಮೀ.ನಿಂದ. ಅಂದರೆ ‘ಚಿಕ್ಕ’ದೆಂದು ಕಾಣುವ ಎರಡನೆಯ ಕ್ಯಾಮ್ ಗಾಳಿ ನಿಜವಾಗಿ ಹರಿಯುವ ಎತ್ತರದಲ್ಲಿ ಮೊದಲನೆಯದಕ್ಕಿಂತ ಎರಡು ಡಿಗ್ರಿ ಹೆಚ್ಚು ಹೊತ್ತು ತೆರೆದಿರುತ್ತದೆ. ಕಂಪನಿಯ ಕ್ಯಾಮ್‌ಗೆ ಇದೇ ಅಳತೆಯಲ್ಲಿ 208 ಇದೆ ಎಂದು ನೀವು ಬರೆದಿದ್ದೀರಿ. ಆದ್ದರಿಂದ 272 ಮತ್ತು 256ರ ನಡುವಿನ 16 ಡಿಗ್ರಿಯ ಅಂತರವನ್ನು ಮರೆತುಬಿಡಿ. ಈ ಎರಡೂ ಕ್ಯಾಮ್‌ಗಳು ಕಂಪನಿಯದಕ್ಕಿಂತ ಸುಮಾರು 20 ಡಿಗ್ರಿ ದೊಡ್ಡವು, ತಮ್ಮ ತಮ್ಮಲ್ಲಿ ಹೆಚ್ಚುಕಡಿಮೆ ಸಮ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ವಾಲ್ವ್‌ಗಳು ಎಷ್ಟು ಹೊತ್ತು ತೆರೆದಿರುತ್ತವೆ ಎಂಬುದಕ್ಕಿಂತ, ಪಿಸ್ಟನ್ ಎಲ್ಲಿರುವಾಗ ತೆರೆದು ಎಲ್ಲಿರುವಾಗ ಮುಚ್ಚುತ್ತವೆ ಎಂಬುದರಲ್ಲಿದೆ. ಎಂಜಿನ್‌ಗೆ ಡ್ಯೂರೇಶನ್ ಎಂಬ ಅಂಕಿಯ ಪರಿವೆಯೇ ಇಲ್ಲ. ಅದಕ್ಕೆ ಗೊತ್ತಿರುವುದು ನಾಲ್ಕು ಕ್ಷಣಗಳು: ಗಾಳಿಯನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆಯುವುದು, ಇನ್‌ಟೇಕ್ ಮುಚ್ಚುವುದು, ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ತೆರೆಯುವುದು, ಎಕ್ಸಾಸ್ಟ್ ಮುಚ್ಚುವುದು. ಇವುಗಳಲ್ಲಿ ಎಂಜಿನ್‌ನ ಗುಣವನ್ನು ಹೆಚ್ಚು ನಿರ್ಧರಿಸುವುದು ಇನ್‌ಟೇಕ್ ಮುಚ್ಚುವ ಕ್ಷಣ ಎಂಬುದು ನನ್ನ ದೃಢವಾದ ಅಭಿಪ್ರಾಯ, ಆದರೂ ಮಾರಾಟದ ಚೀಟಿಗಳಲ್ಲಿ ಅದೇ ಕಾಣಸಿಗುವುದಿಲ್ಲ.

ಪಿಸ್ಟನ್ ಕೆಳತುದಿ ತಲುಪಿದ ಕೂಡಲೇ ಇನ್‌ಟೇಕ್ ವಾಲ್ವ್ ಮುಚ್ಚುವುದೇ ಸರಿ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ಗಾಳಿಗೂ ತೂಕವಿದೆ. 6000 ಆರ್‌ಪಿಎಂನಲ್ಲಿ 230 ಡಿಗ್ರಿ ಎಂದರೆ ಕೇವಲ 6.4 ಮಿಲಿಸೆಕೆಂಡ್. ಅಷ್ಟರಲ್ಲಿ ವಾಲ್ವ್‌ಗೆ ಹೋಗುವ ದಾರಿಯಾದ ಪೋರ್ಟಿನಲ್ಲಿ ವೇಗ ಪಡೆದ ಗಾಳಿ, ಪಿಸ್ಟನ್ ಮೇಲೇರಲು ಆರಂಭಿಸಿದ ಮೇಲೂ ತನ್ನ ಓಟದ ರಭಸಕ್ಕೆ ಸಿಲಿಂಡರಿನೊಳಗೆ ನುಗ್ಗುತ್ತಲೇ ಇರುತ್ತದೆ, ಹೀಗಾಗಿ ವಾಲ್ವನ್ನು ತಡವಾಗಿ ಮುಚ್ಚಿದರೆ ಹೆಚ್ಚು ಗಾಳಿ ತುಂಬುತ್ತದೆ. ಅದೇ 230 ಡಿಗ್ರಿ 800 ಆರ್‌ಪಿಎಂನಲ್ಲಿ ಸುಮಾರು 48 ಮಿಲಿಸೆಕೆಂಡ್ ಆಗುತ್ತದೆ. ಆಗ ಗಾಳಿಗೆ ಅಂಥ ರಭಸವಿರುವುದಿಲ್ಲ, ಮೇಲೇರುವ ಪಿಸ್ಟನ್ ಒಳಗೆ ಬಂದ ಗಾಳಿಯನ್ನು ಅದು ಬಂದ ಕೊಳವೆಯಾದ ಮ್ಯಾನಿಫೋಲ್ಡ್‌ಗೆ ಮತ್ತೆ ತಳ್ಳುತ್ತದೆ, ಸಿಲಿಂಡರಿನಲ್ಲಿ ಒತ್ತುವುದಕ್ಕೆ ಉಳಿಯುವ ಗಾಳಿ ಕಡಿಮೆಯಾಗುತ್ತದೆ. ದೊಡ್ಡ ಕ್ಯಾಮ್ ಹಾಕಿದ ಕಾರು ಮೇಲಿನ ಆರ್‌ಪಿಎಂನಲ್ಲಿ ಚುರುಕಾಗಿ, ಕೆಳಗೆ ಪಿಕಪ್ ಕಳೆದುಕೊಳ್ಳುವುದಕ್ಕೆ ಮುಖ್ಯ ಕಾರಣ ಇದು. 1997ರಲ್ಲಿ ಬಂದ ಟೊಯೊಟಾ ಪ್ರಿಯಸ್‌ನ ಎಂಜಿನ್ ಇಂಧನ ಉಳಿಸುವುದಕ್ಕಾಗಿ ಇನ್‌ಟೇಕ್ ವಾಲ್ವನ್ನು ಬೇಕೆಂದೇ ತಡವಾಗಿ ಮುಚ್ಚುತ್ತದೆ, ಅದರಿಂದಾಗುವ ಟಾರ್ಕ್ ಕೊರತೆಯನ್ನು ವಿದ್ಯುತ್ ಮೋಟಾರ್ ತುಂಬಿಕೊಡುತ್ತದೆ. ನಿಮ್ಮ ಕಾರಿನಲ್ಲಿ ತುಂಬಿಕೊಡಲು ಅಂಥ ಮೋಟಾರ್ ಇಲ್ಲ.

ನಿಮ್ಮ ಎರಡು ಕ್ಯಾಮ್‌ಗಳಿಗೆ ಈ ಲೆಕ್ಕ ಹಾಕಿದ್ದೇನೆ, ಎಲ್ಲವೂ 1 ಮಿ.ಮೀ. ಎತ್ತುವಿಕೆಯಲ್ಲಿ. ಮೊದಲನೆಯದರ ಇನ್‌ಟೇಕ್ ಲೋಬ್‌ನ ಮಧ್ಯ ಮೇಲ್ತುದಿಯ ನಂತರ 106 ಡಿಗ್ರಿಯಲ್ಲಿದೆ. 228ರ ಅರ್ಧ 114, ಆದ್ದರಿಂದ ಅದು ಮೇಲ್ತುದಿಗೆ 8 ಡಿಗ್ರಿ ಮೊದಲು ತೆರೆದು ಕೆಳತುದಿಯ ನಂತರ 40 ಡಿಗ್ರಿಯಲ್ಲಿ ಮುಚ್ಚುತ್ತದೆ. ಎರಡನೆಯದನ್ನು ಚೀಟಿಯಲ್ಲಿರುವಂತೆ 108 ಡಿಗ್ರಿಗೆ ಕೂರಿಸಿದರೆ 7 ಡಿಗ್ರಿ ಮೊದಲು ತೆರೆದು 43 ಡಿಗ್ರಿಯಲ್ಲಿ ಮುಚ್ಚುತ್ತದೆ. ಕಂಪನಿಯದು, ಮಧ್ಯ 110 ಎಂದು ಹಿಡಿದರೆ, 34ರಲ್ಲೇ ಮುಚ್ಚುತ್ತದೆ. ಕೆಳ ಆರ್‌ಪಿಎಂನ ಟಾರ್ಕ್ ಎರಡೂ ಕ್ಯಾಮ್‌ಗಳಲ್ಲಿ ಕುಗ್ಗುತ್ತದೆ, ಈ ಒಂದು ವಿಷಯದಲ್ಲಿ ಎರಡನೆಯದು ಮೂರು ಡಿಗ್ರಿಯಷ್ಟು ಹಿಂದೆಯೇ ಇದೆ.

ಐಡ್ಲಿಂಗ್‌ನ ಕಥೆ ಬೇರೆ. ಅದನ್ನು ಕೆಡಿಸುವುದು ಓವರ್‌ಲ್ಯಾಪ್, ಅಂದರೆ ಎಕ್ಸಾಸ್ಟ್ ಇನ್ನೂ ಮುಚ್ಚದಿರುವಾಗ ಇನ್‌ಟೇಕ್ ತೆರೆದು ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತು. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್‌ನಲ್ಲಿ ಬಲವಾದ ವ್ಯಾಕ್ಯೂಮ್ ಇರುವುದರಿಂದ, ಈ ಹೊತ್ತಿನಲ್ಲಿ ಸುಟ್ಟ ಹೊಗೆ ಹಿಂದಕ್ಕೆ ಎಳೆಯಲ್ಪಟ್ಟು ಹೊಸ ಮಿಶ್ರಣದೊಂದಿಗೆ ಬೆರೆಯುತ್ತದೆ. ಮಿಶ್ರಣ ಸರಿಯಾಗಿ ಉರಿಯದೆ ಎಂಜಿನ್ ನಡುಗುತ್ತದೆ, ಸುಡದ ಇಂಧನ ಹೊಗೆಯಲ್ಲಿ ಹೊರಹೋಗುವುದರಿಂದ ಹೈಡ್ರೋಕಾರ್ಬನ್ ಪ್ರಮಾಣವೂ ಏರುತ್ತದೆ. ಇನ್‌ಟೇಕ್ ಮತ್ತು ಎಕ್ಸಾಸ್ಟ್‌ಗೆ ಒಂದೇ ಡ್ಯೂರೇಶನ್ ಇದ್ದರೆ ಅದರಿಂದ ಲೋಬ್ ಸೆಪರೇಶನ್‌ನ (ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ಮಧ್ಯಗಳ ನಡುವಿನ ಕೋನ, ಇದನ್ನು ಕ್ಯಾಮ್‌ನ ಡಿಗ್ರಿಗಳಲ್ಲಿ ಅಳೆಯುತ್ತಾರೆ) ಎರಡು ಪಟ್ಟನ್ನು ಕಳೆದರೆ ಓವರ್‌ಲ್ಯಾಪ್ ಸಿಗುತ್ತದೆ. 1 ಮಿ.ಮೀ.ನಲ್ಲಿ ಮೊದಲ ಕ್ಯಾಮ್‌ಗೆ 228ರಲ್ಲಿ 212 ಕಳೆದು 16 ಡಿಗ್ರಿ, ಎರಡನೆಯದಕ್ಕೆ 230ರಲ್ಲಿ 224 ಕಳೆದು 6 ಡಿಗ್ರಿ. ಕಂಪನಿಯದಕ್ಕೆ ಲೋಬ್ ಸೆಪರೇಶನ್ 110 ಇದ್ದರೆ ಉತ್ತರ ಸೊನ್ನೆಗಿಂತ 12 ಕೆಳಗೆ ಬರುತ್ತದೆ, ಅಂದರೆ ಆ ಎತ್ತರದಲ್ಲಿ ಓವರ್‌ಲ್ಯಾಪ್ ಇಲ್ಲವೇ ಇಲ್ಲ. ಡ್ಯೂರೇಶನ್ ಸಮನಾಗಿದ್ದರೂ ಐಡ್ಲಿಂಗ್‌ನಲ್ಲಿ ಇವೆರಡು ಬೇರೆಯೇ ಎಂಜಿನ್‌ಗಳಂತೆ ವರ್ತಿಸುತ್ತವೆ ಎಂಬುದಕ್ಕೆ ಈ 16 ಮತ್ತು 6 ಸಾಕ್ಷಿ.

ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಲಿಫ್ಟ್ ತಾನಾಗಿ ಐಡ್ಲಿಂಗ್ ಕೆಡಿಸುವುದಿಲ್ಲ. ಹೆಚ್ಚು ಲಿಫ್ಟ್ ಇರುವ ಕ್ಯಾಮ್‌ಗಳಿಗೆ ಸಾಮಾನ್ಯವಾಗಿ ಡ್ಯೂರೇಶನ್ ಕೂಡ ಹೆಚ್ಚಿರುವುದರಿಂದ ತಪ್ಪು ಲಿಫ್ಟ್‌ನ ಮೇಲೆ ಬೀಳುತ್ತದೆ. ಪಿಸ್ಟನ್‌ಗೆ ಬಡಿಯುವ ಭಯ ನ್ಯಾಯವಾದದ್ದೇ, ಆದರೆ ಅದಕ್ಕೂ ಗರಿಷ್ಠ ಲಿಫ್ಟ್‌ಗೂ ನೇರ ಸಂಬಂಧವಿಲ್ಲ, ಏಕೆಂದರೆ ವಾಲ್ವ್ ಪೂರ್ತಿ ತೆರೆದಾಗ ಪಿಸ್ಟನ್ ಬಹಳ ಕೆಳಗಿರುತ್ತದೆ. ಅಪಾಯವಿರುವುದು ಮೇಲ್ತುದಿಯ ಆಸುಪಾಸಿನ ಹತ್ತು ಹದಿನೈದು ಡಿಗ್ರಿಗಳಲ್ಲಿ: ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಿರುವಾಗ ಪಿಸ್ಟನ್ ಅದನ್ನು ಬೆನ್ನಟ್ಟಿ ಬರುತ್ತದೆ, ಇನ್‌ಟೇಕ್ ತೆರೆಯುತ್ತಿರುವಾಗ ಇಳಿಯುವ ಪಿಸ್ಟನ್‌ನ ಬೆನ್ನಿಗೇ ವಾಲ್ವ್ ಹೋಗುತ್ತದೆ. ಮೊದಲ ಕ್ಯಾಮ್‌ನ ಎಕ್ಸಾಸ್ಟ್ ಮೇಲ್ತುದಿ ದಾಟಿ 8 ಡಿಗ್ರಿಯವರೆಗೂ 1 ಮಿ.ಮೀ. ತೆರೆದಿರುತ್ತದೆ, ಎರಡನೆಯದರದು ಮೇಲ್ತುದಿಗೆ 1 ಡಿಗ್ರಿ ಮೊದಲೇ ಆ ಮಟ್ಟಕ್ಕೆ ಇಳಿದಿರುತ್ತದೆ. ಹೀಗಾಗಿ ಲಿಫ್ಟ್ ಕಡಿಮೆಯಿರುವ ಮೊದಲ ಕ್ಯಾಮ್‌ನಲ್ಲೇ ಎಕ್ಸಾಸ್ಟ್ ಕಡೆಯ ಅಂತರ ಹೆಚ್ಚು ಬಿಗಿ.

ಲಿಫ್ಟ್‌ನಿಂದ ಲಾಭ ಎಷ್ಟೆಂಬುದಕ್ಕೆ ಒಂದು ಸರಳ ಮಿತಿಯಿದೆ. ವಾಲ್ವ್ ತಲೆಯ ಸುತ್ತ ಗಾಳಿ ಹೊರಬರುವ ಜಾಗ ವಾಲ್ವ್ ವ್ಯಾಸದ ಕಾಲು ಭಾಗದಷ್ಟು ಎತ್ತಿದಾಗ ವಾಲ್ವ್ ತಲೆಯ ವಿಸ್ತೀರ್ಣಕ್ಕೆ ಸಮನಾಗುತ್ತದೆ. ನಿಮ್ಮ ಇನ್‌ಟೇಕ್ ವಾಲ್ವ್ 38 ಮಿ.ಮೀ. ಇದ್ದರೆ ಆ ಮಿತಿ 9.5 ಮಿ.ಮೀ. ಅದರಾಚೆಗೆ ಹರಿವನ್ನು ತಡೆಯುವುದು ಬಹುಪಾಲು ಪೋರ್ಟ್. ಹಾಗೆಂದು 10.8 ವ್ಯರ್ಥವಲ್ಲ: ತುದಿಯನ್ನು ಎತ್ತರಿಸಿದ ಲೋಬ್‌ನಲ್ಲಿ ವಾಲ್ವ್ 8, 9 ಮಿ.ಮೀ. ಮಟ್ಟವನ್ನು ಬೇಗ ದಾಟುತ್ತದೆ, ತಡವಾಗಿ ಇಳಿಯುತ್ತದೆ, ಓವರ್‌ಲ್ಯಾಪ್ ಹೆಚ್ಚಿಸದೆಯೇ ಉಪಯುಕ್ತ ಹರಿವು ಸಿಗುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಸ್ಪ್ರಿಂಗ್‌ನ ಮೇಲೆ ಬೀಳುತ್ತದೆ. ಜೋಡಿಸಿದಾಗಿನ ಸ್ಪ್ರಿಂಗ್ ಎತ್ತರ 38 ಮಿ.ಮೀ., ಸುರುಳಿಗಳು ಒಂದಕ್ಕೊಂದು ತಾಗಿ ಗಟ್ಟಿಯಾಗುವ ಎತ್ತರ 26.5 ಇದ್ದರೆ ಅದಕ್ಕಿರುವ ಅವಕಾಶ 11.5 ಮಿ.ಮೀ. ಕಂಪನಿಯ 8.7ಕ್ಕೆ ಅದು ಧಾರಾಳ. 10.8 ಎತ್ತಿದರೆ ಉಳಿಯುವುದು 0.7 ಮಾತ್ರ, ನಾನು 1.5 ಮಿ.ಮೀ.ಗಿಂತ ಕಡಿಮೆ ಉಳಿಯುವಂತೆ ಜೋಡಿಸುವುದಿಲ್ಲ. ಸುರುಳಿ ಗಟ್ಟಿಯಾದರೆ ರಾಕರ್ ಮುರಿಯುತ್ತದೆ, ಇಲ್ಲವೇ ಲೋಬ್ ಕಿತ್ತುಬರುತ್ತದೆ. ಸ್ಪ್ರಿಂಗನ್ನು ಹಿಡಿದಿಡುವ ಬಿಲ್ಲೆಯಾದ ರಿಟೇನರ್‌ನ ತಳ ವಾಲ್ವ್ ಸೀಲ್‌ಗೆ ತಾಗುವುದೇ ಎಂದೂ ನೋಡಬೇಕು. ಇದನ್ನು ಮರೆತವರು ಕೆಲವೇ ದಿನಗಳಲ್ಲಿ ನೀಲಿ ಹೊಗೆ ಬರುತ್ತಿದೆ ಎಂದು ವಾಪಸು ಬರುತ್ತಾರೆ.

ಡಗ್‌ಡಗ್ ಎಂದು ನಡುಗುವ ಐಡ್ಲಿಂಗ್ ಸದ್ದನ್ನು ಶಕ್ತಿಯ ಗುರುತೆಂದು ತಿಳಿಯುವವರೂ ಇದ್ದಾರೆ. ಆ ಸದ್ದು ಹೇಳುವುದು ಓವರ್‌ಲ್ಯಾಪ್ ಎಷ್ಟಿದೆ ಎಂಬುದನ್ನು ಮಾತ್ರ.

ಫ್ಯೂಯಲ್ ಇಂಜೆಕ್ಷನ್ ಇರುವ ನಿಮ್ಮ ಕಾರಿನಲ್ಲಿ ಇನ್ನೊಂದು ತೊಡಕಿದೆ. ಇಂಥ ಎಂಜಿನ್‌ಗಳಲ್ಲಿ ಅನೇಕವು ಮ್ಯಾನಿಫೋಲ್ಡ್‌ನ ಒತ್ತಡವನ್ನು ಸೆನ್ಸರ್‌ನಿಂದ ಓದಿ ಇಂಧನದ ಲೆಕ್ಕ ಹಾಕುತ್ತವೆ. ಓವರ್‌ಲ್ಯಾಪ್‌ನಿಂದ ವ್ಯಾಕ್ಯೂಮ್ ಕುಗ್ಗಿದಾಗ ಎಂಜಿನ್‌ನ ಮೇಲೆ ಭಾರ ಬಿದ್ದಿದೆ ಎಂದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದೂ ಅದೇ ವ್ಯಾಕ್ಯೂಮ್‌ನಿಂದ. ಟ್ರಾಫಿಕ್‌ನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುವಾಗ ಪೆಡಲ್ ಗಟ್ಟಿಯಾದರೆ ಅದು ಸುರಕ್ಷತೆಯ ಪ್ರಶ್ನೆ, ಅದರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಕೆಳಗೂ ಮೇಲೂ ಒಂದೇ ಕ್ಯಾಮ್ ಚೆನ್ನಾಗಿ ನಡೆಯುವುದಿಲ್ಲ ಎಂಬ ಸಮಸ್ಯೆಗೆ ಕಾರು ಕಂಪನಿಗಳು ಹುಡುಕಿದ ಉತ್ತರವೇ ಬದಲಾಗುವ ವಾಲ್ವ್ ಟೈಮಿಂಗ್. 1980ರಲ್ಲಿ ಆಲ್ಫಾ ರೋಮಿಯೋ ತನ್ನ ಸ್ಪೈಡರ್ ಕಾರಿನಲ್ಲಿ ಇದನ್ನು ತಂದಿತು, 1989ರಲ್ಲಿ ಹೋಂಡಾ ಇಂಟೆಗ್ರಾ ಕಾರಿನ ವಿಟೆಕ್ ಎಂಜಿನ್ ಒಂದೇ ಶಾಫ್ಟ್‌ನಲ್ಲಿ ಎರಡು ಬಗೆಯ ಲೋಬ್‌ಗಳನ್ನಿಟ್ಟು ಆರ್‌ಪಿಎಂ ಏರಿದಾಗ ಒಂದರಿಂದ ಇನ್ನೊಂದಕ್ಕೆ ಬದಲಾಗುವಂತೆ ಮಾಡಿತು. ನಿಮ್ಮದರಲ್ಲಿ ಎಲ್ಲ ಲೋಬ್‌ಗಳೂ ಒಂದೇ ಶಾಫ್ಟ್‌ನಲ್ಲಿ ಸ್ಥಿರವಾಗಿವೆ. ಕ್ಯಾಮ್ ಗೇರನ್ನು ಮುಂದಕ್ಕೋ ಹಿಂದಕ್ಕೋ ತಿರುಗಿಸಿದರೆ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಟ್ಟಿಗೆ ಸರಿಯುತ್ತವೆ, ಲೋಬ್ ಸೆಪರೇಶನ್ ಬದಲಾಗುವುದಿಲ್ಲ. ಆದ್ದರಿಂದ ಕೊಳ್ಳುವಾಗಲೇ ಸರಿಯಾದದ್ದನ್ನು ಆರಿಸಿಕೊಳ್ಳಬೇಕಾಗುತ್ತದೆ.

ನೀವು ಹೇಳಿದ ಬಳಕೆಗೆ ಮೊದಲ ಕ್ಯಾಮ್ ಬೇಡ ಎಂಬುದೇ ನನ್ನ ಅಭಿಪ್ರಾಯ. ಅದರ 106 ಡಿಗ್ರಿ ಸೆಪರೇಶನ್ ಮಧ್ಯಮ ಆರ್‌ಪಿಎಂನಲ್ಲಿ ಒಂದು ಚುರುಕಾದ ಎಳೆತ ಕೊಡುತ್ತದೆ ನಿಜ, ಆದರೆ ಅದಕ್ಕಾಗಿ ದಿನನಿತ್ಯದ ಐಡ್ಲಿಂಗ್, ವ್ಯಾಕ್ಯೂಮ್, ಮೈಲೇಜ್ ಮೂರನ್ನೂ ಬಿಟ್ಟುಕೊಡಬೇಕಾಗುತ್ತದೆ. ಎರಡನೆಯದನ್ನು ಹಾಕಿಸಬಹುದು, ಹೊಸ ಸ್ಪ್ರಿಂಗ್ ಮತ್ತು ಇಸಿಯು ಟ್ಯೂನಿಂಗ್‌ಗೂ ಸೇರಿಸಿ ಖರ್ಚು ಮಾಡಲು ನೀವು ಸಿದ್ಧರಿದ್ದರೆ ಮಾತ್ರ. ಹೆದ್ದಾರಿಯಲ್ಲಿ 4000 ದಾಟಿದ ಮೇಲೆ ಲಾಭ ಕಾಣುತ್ತದೆ, 2000ದ ಕೆಳಗೆ ಕಂಪನಿಯ ಕ್ಯಾಮ್‌ನ ಮೃದುತನ ಉಳಿಯುವುದಿಲ್ಲ. ಟ್ಯೂನಿಂಗ್ ಮಾಡಿಸಲು ಆಗದಿದ್ದರೆ ಕಂಪನಿಯ ಅಳತೆಯ ಹೊಸ ಕ್ಯಾಮ್ ಹಾಕಿಸಿ. ಸವೆದ ಲೋಬ್‌ಗಳಿಂದ ನೀವು ಈಗಾಗಲೇ ಕಳೆದುಕೊಂಡಿರುವ ಶಕ್ತಿ ವಾಪಸು ಬಂದಾಗ, ಇನ್ನೂ ಹೆಚ್ಚು ಬೇಕೆನಿಸದೆ ಇರಬಹುದು. ಹಳೆಯದನ್ನೇ ರೀಗ್ರೈಂಡ್ ಮಾಡಿಸುವ, ಅಂದರೆ ಉಜ್ಜಿ ಹೊಸ ಆಕಾರ ಕೊಡಿಸುವ, ದಾರಿಯೂ ಇದೆ, ಆದರೆ ಲಿಫ್ಟ್ ಹೆಚ್ಚಿಸಲು ಬೇಸ್ ಸರ್ಕಲ್ ಅನ್ನು ತೆಳುವಾಗಿಸಬೇಕಾಗುತ್ತದೆ, ಆಗ ರಾಕರ್‌ನ ಕೋನ ಬದಲಾಗಿ ಕ್ಲಿಯರೆನ್ಸ್ ಹೊಂದಿಸುವ ಸ್ಕ್ರೂ ಅದರ ಮಿತಿಗೆ ಬಂದು ನಿಲ್ಲಬಹುದು. ಸವೆತ ಆಳವಾಗಿದ್ದರೆ ಇದನ್ನು ನಾನು ಸೂಚಿಸುವುದಿಲ್ಲ.

ಯಾವುದನ್ನೇ ಹಾಕಿಸಿದರೂ ರಾಕರ್‌ಗಳನ್ನೂ ಹೊಸದಾಗಿ ಹಾಕಿಸಿ, ಸವೆದ ರಾಕರ್‌ನ ಮುಖ ಹೊಸ ಲೋಬನ್ನು ಬೇಗನೆ ತಿಂದುಹಾಕುತ್ತದೆ. ಎರಡನೆಯ ಕ್ಯಾಮ್ ಆರಿಸಿದರೆ, ಹೆಡ್ ಮುಚ್ಚುವ ಮೊದಲು ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಮಾಡೆಲಿಂಗ್ ಕ್ಲೇ ಅಂಟಿಸಿ, ಹಳೆಯ ಗ್ಯಾಸ್ಕೆಟ್ ಇಟ್ಟು ಹೆಡ್ ಬಿಗಿದು, ಟೈಮಿಂಗ್ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಲು ಹೇಳಿ. ಎಲ್ಲಿಯಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಬೇಕು. ಹೆಡ್ ತೆಗೆದ ಮೇಲೆ ವಾಲ್ವ್ ಒತ್ತಿದ ಗುರುತಿನ ತೀರಾ ತೆಳುವಾದ ಜಾಗವನ್ನು ಬ್ಲೇಡಿನಿಂದ ಕತ್ತರಿಸಿ ಅಳೆದರೆ ಇನ್‌ಟೇಕ್‌ಗೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್‌ಗೆ ಕನಿಷ್ಠ 2.5 ಮಿ.ಮೀ. ದಪ್ಪ ಉಳಿದಿರಬೇಕು. ಎಕ್ಸಾಸ್ಟ್‌ಗೆ ಹೆಚ್ಚು ಕೇಳುವುದೇಕೆಂದರೆ ಅದು ಬಿಸಿಗೆ ಹೆಚ್ಚು ಉದ್ದವಾಗುತ್ತದೆ, ಜೊತೆಗೆ ಹೆಚ್ಚಿನ ಆರ್‌ಪಿಎಂನಲ್ಲಿ ಸ್ಪ್ರಿಂಗ್ ಸ್ವಲ್ಪ ಸೋತರೂ ಪಿಸ್ಟನ್‌ಗೆ ಸಿಗುವುದು ಅದೇ ವಾಲ್ವ್.

ಆಮೇಲೆ ಕ್ರ್ಯಾಂಕ್‌ಗೆ ಡಿಗ್ರಿ ಚಕ್ರ, ವಾಲ್ವ್ ರಿಟೇನರ್‌ಗೆ ಡಯಲ್ ಗೇಜ್ ಹಾಕಿಸಿ. ಗೇಜ್ ಗರಿಷ್ಠ ತೋರಿಸುವ ಜಾಗವನ್ನು ನೇರವಾಗಿ ನಂಬಬಾರದು, ತುದಿಯಲ್ಲಿ ಲೋಬ್ ಚಪ್ಪಟೆಯಾಗಿರುವುದರಿಂದ ಮುಳ್ಳು ಹಲವು ಡಿಗ್ರಿ ಅಲುಗದೆ ನಿಂತಿರುತ್ತದೆ. ಗರಿಷ್ಠಕ್ಕೆ 1 ಮಿ.ಮೀ. ಕಡಿಮೆಯಿರುವ ಜಾಗವನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಗುರುತಿಸಿ, ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಲೋಬ್‌ನ ನಿಜವಾದ ಮಧ್ಯ ಸಿಗುತ್ತದೆ. ಅದು 108ಕ್ಕೆ ಬದಲಾಗಿ 112 ಎಂದು ಬಂದರೆ ಇನ್‌ಟೇಕ್ ಮುಚ್ಚುವುದು 43ರ ಬದಲು 47 ಡಿಗ್ರಿಗೆ ಹೋಗಿದೆ ಎಂದರ್ಥ, ನಿಮ್ಮ ಟ್ರಾಫಿಕ್ ಓಡಾಟಕ್ಕೆ ಬೇಕಾದ ಟಾರ್ಕ್ ಇನ್ನಷ್ಟು ಕಡಿಮೆಯಾಗಿರುತ್ತದೆ. ಹೊಂದಿಸಬಹುದಾದ ಕ್ಯಾಮ್ ಗೇರ್ ಇದ್ದರೆ ಅದನ್ನು ಅಲ್ಲೇ ಸರಿಪಡಿಸಿ, ಮತ್ತೊಮ್ಮೆ ಅಳೆದ ನಂತರವೇ ಕವರ್ ಮುಚ್ಚಲು ಹೇಳಿ.